1,42,000 ಕಿಲೋಮೀಟರ್ ಓಡಿದ ಜರ್ಮನ್ ಕಾರು, 19ರ ವಯಸ್ಸಿನಲ್ಲಿ ತಗೊಂಡಿದ್ದು: ಮೂರೂವರೆ ವರ್ಷದ ಅನುಭವ

ಗಾಡಿ 2010ರ ಮಾಡೆಲ್. ಎರಡು ಲೀಟರ್ ಡೀಸೆಲ್ ಎಂಜಿನ್, ಆರು ಗೇರಿನ ಆಟೊಮ್ಯಾಟಿಕ್. ಹೊಸದಾಗಿದ್ದಾಗ ಆನ್ ರೋಡ್ 30 ಲಕ್ಷ ದಾಟಿತ್ತು. ನಾನು 2021ರ ನವೆಂಬರ್‌ನಲ್ಲಿ ಕೊಟ್ಟಿದ್ದು 4,10,000 ರೂಪಾಯಿ. ಆಗ ಮೀಟರ್‌ನಲ್ಲಿ 1,42,000 ಇತ್ತು, ಈಗ 1,83,400 ಇದೆ. ಕಂಪನಿಯ ಹೆಸರು ಬೇಕಂತಲೇ ಬರೆದಿಲ್ಲ. ಕೆಳಗೆ ಹೇಳಿರುವ ತೊಂದರೆಗಳೆಲ್ಲ ಗಾಡಿಯ ವಯಸ್ಸಿನಿಂದ ಬಂದವು. ಆ ಕಾಲದ ಯಾವ ಯುರೋಪಿಯನ್ ಸೆಡಾನ್ ತಗೊಂಡರೂ ಹೆಚ್ಚುಕಡಿಮೆ ಇದೇ ಕೆಲಸ ಬರುತ್ತೆ.

ದುಡ್ಡು ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಫಸ್ಟ್ ಪಿಯುಸಿಯಿಂದಲೇ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದೆ. ಅದರಲ್ಲಿ ಕೂಡಿಟ್ಟಿದ್ದು 2,60,000. ಉಳಿದ ಒಂದೂವರೆ ಲಕ್ಷ ಅಪ್ಪ ಸಾಲ ಅಂತಲೇ ಕೊಟ್ಟರು. ತಿಂಗಳಿಗೆ 5,000ದಂತೆ ಮೂವತ್ತು ತಿಂಗಳು ಕಟ್ಟಿ ತೀರಿಸಿದೆ. "ಕಾರು ನಾಲ್ಕು ಲಕ್ಷಕ್ಕೆ ಇಳಿದಿದೆ ಕಣೋ, ಅದರ ಪಾರ್ಟ್ಸು ಇಳಿದಿಲ್ಲ" ಅಂತ ಅಪ್ಪ ಅವತ್ತೇ ಹೇಳಿದ್ದರು. ಆ ಮಾತು ಎಷ್ಟು ನಿಜ ಅಂತ ಮೊದಲ ಆರು ತಿಂಗಳಲ್ಲೇ ಗೊತ್ತಾಯಿತು.

ಹುಡುಕಾಟ ಎರಡು ತಿಂಗಳು ನಡೆಯಿತು. ಮೊದಲು ನೋಡಿದ ಗಾಡಿ ಒಬ್ಬ ಡೀಲರ್ ಹತ್ತಿರ ಇತ್ತು. ಇದೇ ಮಾಡೆಲ್, ಮೀಟರ್‌ನಲ್ಲಿ ಬರೀ 78,000. ಪಾಲಿಶ್ ಹೊಡೆದು ಕನ್ನಡಿ ಥರ ಇಟ್ಟಿದ್ದರು. ಆದರೆ ಬ್ರೇಕ್ ಪೆಡಲ್ ರಬ್ಬರಿನ ಗೆರೆಗಳು ಒಂದು ಕಡೆ ಪೂರ್ತಿ ಸವೆದು ನುಣ್ಣಗಾಗಿದ್ದವು. ಸ್ಟೀರಿಂಗ್ ಚರ್ಮವೂ ಹಾಗೇ. 78,000ಕ್ಕೆ ಅಷ್ಟು ಸವೆಯಲ್ಲ. ಚಾಸಿಸ್ ನಂಬರ್ ತಗೊಂಡು ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದೆ. ಎರಡು ವರ್ಷದ ಹಿಂದೆಯೇ ಅದು 1,26,000ಕ್ಕೆ ಸರ್ವಿಸ್ ಆಗಿತ್ತು. ಸುಮ್ನೆ ವಾಪಸ್ ಬಂದೆ.

ಇನ್ನೊಬ್ಬ ಬ್ರೋಕರ್ ದೆಹಲಿ ನಂಬರಿನ ಗಾಡಿ ತೋರಿಸಿದರು, 2,75,000ಕ್ಕೆ. ಅಲ್ಲಿನ ಗಾಡಿಗಳು ಆಗ ಅಷ್ಟು ಕಡಿಮೆಗೆ ಸಿಗುತ್ತಿದ್ದುದಕ್ಕೆ ಕಾರಣ ಇತ್ತು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಅಲ್ಲಿ ಓಡಿಸಲಾಗದ ಗಾಡಿಗಳು ಆಗ ಹೊರಗಿನ ಊರುಗಳಿಗೆ ಬರುತ್ತಿದ್ದವು. ಇಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಹಾಕಿಸಬೇಕು, ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸನ್ನು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲೆ ಹಾಕುವುದಿಲ್ಲ. ಗಾಡಿ ಹೊಸದಾಗಿದ್ದಾಗಿನ ಬೆಲೆ ನೋಡುತ್ತಾರೆ, ಆಮೇಲೆ ಅದರ ವಯಸ್ಸು ನೋಡುತ್ತಾರೆ. 30 ಲಕ್ಷದ ಕಾರಿಗೆ ಅದು ಸಣ್ಣ ಮೊತ್ತ ಅಲ್ಲ. ಎನ್‌ಒಸಿಗೆ, ಅಂದರೆ ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರಕ್ಕೆ, ಅಲೆಯುವುದು ಬೇರೆ. ಅದೂ ಬೇಡ ಅಂದೆ.

ಮೂರನೆಯದು ಬೆಂಗಳೂರಿನ ಜಯನಗರದಲ್ಲಿ ಸಿಕ್ಕಿತು. ಮಾಲೀಕರು ರಿಟೈರ್ ಆದ ಡಾಕ್ಟರ್, ಒಬ್ಬರೇ ಓನರ್. "ನಿನಗೆ ಎಷ್ಟಪ್ಪಾ ವಯಸ್ಸು?" ಅಂತ ಕೇಳಿದರು. ಹತ್ತೊಂಬತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ನೀಲಿ ಬಣ್ಣದ ದಪ್ಪ ಫೈಲ್ ತಂದು ನನ್ನ ತೊಡೆಯ ಮೇಲೆ ಇಟ್ಟರು. ಮೊದಲ ಸರ್ವಿಸ್‌ನಿಂದ ಹಿಡಿದು ವೈಪರ್ ಬ್ಲೇಡ್‌ವರೆಗೆ ಎಲ್ಲ ಬಿಲ್ಲೂ ತಾರೀಖಿನ ಪ್ರಕಾರ ಅದರಲ್ಲಿದ್ದವು. ಪ್ರತಿ ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಕಿಲೋಮೀಟರ್ ಬರೆದಿದ್ದರು. ಹತ್ತು ಸಾವಿರಕ್ಕೊಮ್ಮೆ ಎಂಜಿನ್ ಆಯಿಲ್ ಬದಲಾಗಿತ್ತು, ಒಂದೂ ತಪ್ಪಿರಲಿಲ್ಲ. ಮೀಟರ್‌ನಲ್ಲಿ 1,42,000 ನೋಡಿದಾಗ ಆಗಿದ್ದ ಹೆದರಿಕೆ ಆ ಫೈಲ್ ತಿರುವಿ ಹಾಕುವಷ್ಟರಲ್ಲಿ ಹೋಯಿತು. ಚೌಕಾಸಿ ಕೂಡ ಜಾಸ್ತಿ ಮಾಡಲಿಲ್ಲ.

ಜಾಸ್ತಿ ಓಡಿದ ಗಾಡಿ ಬೇಡ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಲೆಕ್ಕ ಸಿಗುವ ಒಂದೂವರೆ ಲಕ್ಷ ಕಿಲೋಮೀಟರ್, ಲೆಕ್ಕ ಸಿಗದ ಎಪ್ಪತ್ತೆಂಟು ಸಾವಿರಕ್ಕಿಂತ ಎಷ್ಟೋ ವಾಸಿ.

ದೀಪಾವಳಿ ಆದ ಮರುವಾರ ಗಾಡಿ ನಾಗರಬಾವಿಯ ನಮ್ಮ ಮನೆಗೆ ಬಂತು. ನೂರು ದಾಟಿದ್ದ ಡೀಸೆಲ್ ಹಬ್ಬದ ಹಿಂದಿನ ದಿನವಷ್ಟೇ ತೆರಿಗೆ ಇಳಿಸಿದ್ದರಿಂದ 85ರ ಹತ್ತಿರಕ್ಕೆ ಬಂದಿತ್ತು. ಅಜ್ಜಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಆರತಿ ಎತ್ತಿದರು.

ಆ ಫೈಲಿನಲ್ಲಿ ಇಲ್ಲದಿದ್ದದ್ದು ಒಂದೇ ಒಂದು ಬಿಲ್, ಗೇರ್ ಬಾಕ್ಸ್ ಆಯಿಲ್‌ದು. ಕಾರು ಕಂಪನಿಯವರ ಪ್ರಕಾರ ಅದನ್ನು ಬದಲಾಯಿಸಬೇಕಾಗಿಯೇ ಇಲ್ಲ, ಗಾಡಿ ಇರುವವರೆಗೆ ಅದೇ ಆಯಿಲ್. ಆದರೆ ಆ ಗೇರ್ ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಾಯಿಸಿ ಅನ್ನುತ್ತೆ. ನನ್ನದಕ್ಕೆ ಹನ್ನೊಂದು ವರ್ಷ ಆಗಿತ್ತು. ಮಾಗಡಿ ರೋಡಿನ ಟ್ರಾಫಿಕ್‌ನಲ್ಲಿ ನಿಧಾನ ಮಾಡಿ ನಿಲ್ಲಿಸುವಾಗ, ಗೇರ್ ಎರಡರಿಂದ ಒಂದಕ್ಕೆ ಇಳಿಯುವ ಹೊತ್ತಿಗೆ, ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ ಆಗುತ್ತಿತ್ತು.

ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜಿಗೆ ತಗೊಂಡು ಹೋದೆ. ಅಲ್ಲಿನ ಭಾಯ್ ಇಪ್ಪತ್ತು ವರ್ಷದಿಂದ ಇಂಥ ಗಾಡಿಗಳನ್ನೇ ಬಿಚ್ಚಿ ಜೋಡಿಸುತ್ತಿರುವವರು. ಆವತ್ತು ಇಡೀ ದಿನ ಅಲ್ಲೇ ಇದ್ದೆ. ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಬೋಲ್ಟ್ ಬಿಚ್ಚಿದಾಗ ಇಳಿದ ಎಣ್ಣೆ ನಮ್ಮ ಮನೆ ಕಾಫಿ ಡಿಕಾಕ್ಷನ್‌ಗಿಂತ ಕಪ್ಪಗಿತ್ತು. ಈ ಗೇರ್ ಬಾಕ್ಸ್‌ನಲ್ಲಿ ಫಿಲ್ಟರ್ ಆ ತಟ್ಟೆಯ ಜೊತೆಯಲ್ಲೇ ಸೇರಿಕೊಂಡಿರುತ್ತೆ, ಹಾಗಾಗಿ ಇಡೀ ತಟ್ಟೆಯೇ ಹೊಸದು ಹಾಕಬೇಕು. ತಟ್ಟೆಯ ತಳದಲ್ಲಿ ಅಯಸ್ಕಾಂತದ ಬಿಲ್ಲೆಗಳಿದ್ದವು. ಅವುಗಳಿಗೆ ಬೂದು ಬಣ್ಣದ ನುಣ್ಣನೆ ಪುಡಿ ಮೆತ್ತಿತ್ತು. ಭಾಯ್ ಅದನ್ನು ಬೆರಳಲ್ಲಿ ತೆಗೆದು ಹೆಬ್ಬೆರಳಿಗೆ ಉಜ್ಜಿ ನೋಡಿ, "ಲೋಹದ ಚೂರುಗಳು ಇಲ್ಲ, ಪುಡಿ ಮಾತ್ರ ಇದೆ. ಬದುಕಿದೆ ಬಿಡಪ್ಪಾ" ಅಂದರು. ಆಗಲೇ ನನಗೆ ಸರಿಯಾಗಿ ಉಸಿರು ಬಂದಿದ್ದು.

ಹೊಸ ಎಣ್ಣೆ ತುಂಬಿಸುವುದು ಅದಕ್ಕಿಂತ ನಾಜೂಕಿನ ಕೆಲಸ. ಎಂಜಿನ್ ಆನ್ ಇರಬೇಕು, ಗಾಡಿ ಮಟ್ಟವಾಗಿ ನಿಂತಿರಬೇಕು, ಗೇರ್ ಒಂದೊಂದಾಗಿ ಹಾಕಿ ತೆಗೆಯಬೇಕು. ಎಣ್ಣೆಯ ಬಿಸಿ 30ರಿಂದ 50 ಡಿಗ್ರಿ ಒಳಗಿರುವಾಗ ಪಕ್ಕದ ತೂತಿನಿಂದ ಎಣ್ಣೆ ಸಣ್ಣಗೆ ಹೊರಗೆ ಬಂದರೆ ಮಟ್ಟ ಸರಿ ಇದೆ ಅಂತ. ಒಬ್ಬ ಹುಡುಗ ಸ್ಕ್ಯಾನರ್ ಹಿಡಿದು "ಮೂವತ್ತೆಂಟು, ನಲವತ್ತು" ಅಂತ ಕೂಗುತ್ತಿದ್ದ, ಭಾಯ್ ಕೆಳಗೆ ಮಲಗಿ ನೋಡುತ್ತಿದ್ದರು. ಸ್ಕ್ಯಾನರ್ ಇಲ್ಲದೆ ಅಂದಾಜಿನಲ್ಲಿ ತುಂಬಿಸುವ ಕಡೆ ದಯವಿಟ್ಟು ಹೋಗಬೇಡಿ. ಒಟ್ಟು 27,500 ಆಯಿತು. ಆ ತಳ್ಳುವಿಕೆ ಸಂಜೆಗೇ ನಿಂತಿತು, ಇವತ್ತಿನವರೆಗೂ ಬಂದಿಲ್ಲ.

ಎರಡನೇ ದೊಡ್ಡ ಖರ್ಚು ನಮ್ಮ ರೋಡುಗಳದ್ದು. ಈ ಗಾಡಿಗಳ ಮುಂದಿನ ಸಸ್ಪೆನ್ಷನ್‌ನಲ್ಲಿ ಚಕ್ರವನ್ನು ಹಿಡಿದಿಡುವ ಅಲ್ಯೂಮಿನಿಯಂ ಆರ್ಮ್‌ಗಳು, ಅವುಗಳ ತುದಿಯಲ್ಲಿ ಕುಲುಕಾಟ ತಡೆಯುವ ರಬ್ಬರ್ ಬುಷ್. ನುಣ್ಣನೆ ರೋಡಿಗೆ ಅಂತ ಮಾಡಿದ್ದು. ನಾಗರಬಾವಿಯಿಂದ ವಿಜಯನಗರಕ್ಕೆ ಹೋಗುವಷ್ಟರಲ್ಲಿ ಎಷ್ಟು ಹಂಪ್ ಸಿಗುತ್ತವೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಂಪ್ ಇಳಿಯುವಾಗ ಮುಂದೆ ಟಕ್ ಅಂತ ಸದ್ದು ಶುರುವಾಯಿತು, ಬ್ರೇಕ್ ಹಾಕಿದರೆ ಸ್ಟೀರಿಂಗ್ ಅದುರುತ್ತಿತ್ತು. ಒಂದು ಸರ್ವಿಸ್ ಸೆಂಟರ್‌ನಲ್ಲಿ ಎರಡೂ ಕಡೆಗೆ 68,000 ಹೇಳಿದರು. ಜೆ.ಸಿ. ರೋಡಿನ ಅಂಗಡಿಯಲ್ಲಿ, ಕಾರು ಕಂಪನಿಗೆ ಆ ಆರ್ಮ್ ಸಪ್ಲೈ ಮಾಡುವವರದ್ದೇ ಪಾರ್ಟ್ ಬೇರೆ ಡಬ್ಬಿಯಲ್ಲಿ ಸಿಕ್ಕಿತು. ಕೂಲಿ ಸೇರಿ 34,000ಕ್ಕೆ ಮುಗಿಯಿತು. ಕಳೆದ ವರ್ಷ ಎಡಗಡೆಯದು ಮತ್ತೆ ಹೋಯಿತು, ಅದಕ್ಕೆ 11,000.

ಶಿವಾಜಿನಗರದ ಗುಜರಿ ಬಗ್ಗೆಯೂ ಹೇಳಿಬಿಡುತ್ತೇನೆ. ಸೈಡ್ ಮಿರರ್, ಸ್ವಿಚ್, ಬಾಗಿಲಿನ ಹ್ಯಾಂಡಲ್ ಇಂಥವಕ್ಕೆ ಆರಾಮಾಗಿ ಹೋಗಬಹುದು. ನನ್ನ ಕಿಟಕಿ ಗ್ಲಾಸಿನ ಸ್ವಿಚ್ ಅಲ್ಲೇ ತಂದಿದ್ದು. ರಬ್ಬರ್, ಬ್ರೇಕ್, ಕೂಲೆಂಟ್‌ಗೆ (ಎಂಜಿನ್ ತಣ್ಣಗಿಡುವ ದ್ರವ) ಸಂಬಂಧಪಟ್ಟ ಯಾವುದನ್ನೂ ಹಳೆಯದು ತರಬೇಡಿ.

ಕೂಲೆಂಟ್ ಅಂದರೆ ಹೆಬ್ಬಾಳ ನೆನಪಾಗುತ್ತೆ. 2023ರ ಏಪ್ರಿಲ್, ಸಂಜೆ ಆರೂವರೆ, ಫ್ಲೈಓವರ್ ಮೇಲೆ ಗಾಡಿಗಳು ಅಲುಗಾಡುತ್ತಿರಲಿಲ್ಲ. ಟೆಂಪರೇಚರ್ ಲೈಟ್ ಹಳದಿ ಬಂತು. ಈ ಕಾರಿನಲ್ಲಿ ಬಿಸಿ ತೋರಿಸುವ ಮುಳ್ಳು ಇಲ್ಲ, ಲೈಟ್ ಒಂದೇ. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಇಟ್ಟು, ಹೇಗೋ ಇಳಿದು ಎಡಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಮುಚ್ಚಳ ತೆಗೆಯಲಿಲ್ಲ, ನೀರು ಹಾಕಲಿಲ್ಲ. ಗಾಡಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಬರುವವರೆಗೆ ಒಂದೂವರೆ ಗಂಟೆ ಫುಟ್‌ಪಾತ್ ಮೇಲೆ ಕಾದೆ. ಕೂಲೆಂಟ್ ಹರಿಯುವ ಹೋಸ್ ಪೈಪ್ ಕೂರುವ ಪ್ಲಾಸ್ಟಿಕ್ ಕನೆಕ್ಟರ್ ಹನ್ನೆರಡು ವರ್ಷದ ಬಿಸಿಗೆ ಗಟ್ಟಿಯಾಗಿ ಸೀಳಿತ್ತು. ಪಾರ್ಟಿಗೆ 1,900, ಟೋಯಿಂಗ್‌ಗೆ 3,500. ಮನೆ ತಲುಪಿಬಿಡೋಣ ಅಂತ ಓಡಿಸಿದ್ದರೆ ಸಿಲಿಂಡರ್ ಹೆಡ್ ಹೋಗುತ್ತಿತ್ತು, ಅಲ್ಲಿಗೆ ನನ್ನ ಕಾರಿನ ಕಥೆ ಮುಗಿಯುತ್ತಿತ್ತು. ಇಷ್ಟು ಹಳೆಯ ಗಾಡಿ ತಗೊಂಡ ತಕ್ಷಣ ಈ ಪ್ಲಾಸ್ಟಿಕ್ ಕನೆಕ್ಟರ್‌ಗಳನ್ನೆಲ್ಲ ಒಂದೇ ಸಲ ಬದಲಾಯಿಸಿ. ನಾನು ಮಾಡದೆ ಬಿಟ್ಟ ಕೆಲಸ ಅದು.

ಉಳಿದವು ಸಣ್ಣಪುಟ್ಟವು. ಬ್ಯಾಟರಿ 14,500. ಪಂಚರ್ ಆದರೂ ಓಡುವ ಟೈರ್‌ಗಳು ಇದ್ದವು, ಸ್ಟೆಪ್ನಿ ಇರಲಿಲ್ಲ. ಆ ಟೈರ್ ಬೆಲೆಯೂ ಜಾಸ್ತಿ, ಕಲ್ಲಿನ ಥರ ಗಟ್ಟಿ. ನಾಲ್ಕೂ ಮಾಮೂಲಿ ಟ್ಯೂಬ್‌ಲೆಸ್‌ಗೆ ಬದಲಾಯಿಸಿ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಇಟ್ಟುಕೊಂಡೆ.

ಇಷ್ಟೆಲ್ಲ ಆದ ಮೇಲೂ ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳಿದರೆ, ಸಕಲೇಶಪುರಕ್ಕೆ ಹೋದ ದಿನ ಹೇಳಬೇಕು. ಅಮ್ಮನಿಗೆ ಬೆನ್ನುನೋವು, ಎರಡು ಗಂಟೆ ಕೂತರೆ ಆಗುವುದಿಲ್ಲ. ನೆಲಮಂಗಲ ದಾಟಿ ಕುಣಿಗಲ್ ಕಡೆ ತಿರುಗಿದ ಮೇಲೆ ಗಾಡಿ ನೂರರಲ್ಲಿ ನಿಂತ ಹಾಗೆ ಹೋಗುತ್ತಿತ್ತು. ಪಕ್ಕದಲ್ಲಿ ಬಸ್ಸು ಬಂದರೂ ಅಲುಗಲಿಲ್ಲ, ಒಳಗೆ ಪಿಸುಮಾತು ಕೇಳುತ್ತಿತ್ತು. ಹಾಸನ ಬರುವಷ್ಟರಲ್ಲಿ ಅಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದರು. ನಮ್ಮ ಹಳೆಯ ಗಾಡಿಯಲ್ಲಿ ಅವರು ಒಂದು ದಿನವೂ ಹಾಗೆ ಮಲಗಿದ್ದು ನಾನು ನೋಡಿಲ್ಲ. ಆ ಟ್ರಿಪ್‌ನಲ್ಲಿ ಲೀಟರ್‌ಗೆ 17 ಬಂತು. ಊರೊಳಗೆ 11.

ಈಗ ಲೆಕ್ಕ. ನಲವತ್ತೆರಡು ತಿಂಗಳಲ್ಲಿ ಸರ್ವಿಸ್, ಪಾರ್ಟ್ಸ್, ಟೈರ್ ಎಲ್ಲ ಸೇರಿ 2,18,600. ತಿಂಗಳಿಗೆ 5,200. ಗಾಡಿ ಕೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿ ಅದು. ಇನ್ಶೂರೆನ್ಸ್, ಡೀಸೆಲ್ ಬೇರೆ. 2022ರಲ್ಲಿ ನಿಗದಿಯಾದ ಪ್ರಕಾರ 1500 ಸಿಸಿ ಮೇಲಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ ವರ್ಷಕ್ಕೆ 7,897 ಇತ್ತು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಅವರ ಜೊತೆಯಲ್ಲೇ ಹೋಗುತ್ತೆ, ಗಾಡಿಯ ಜೊತೆ ಬರುವುದಿಲ್ಲ. ನನ್ನ ಹತ್ತಿರ ಇದ್ದ ದುಡ್ಡನ್ನೆಲ್ಲ ಗಾಡಿಗೇ ಸುರಿದಿದ್ದೆ. ಮೊದಲ ಆರು ತಿಂಗಳು ರಾತ್ರಿ ಎರಡು ಗಂಟೆವರೆಗೆ ಎಡಿಟಿಂಗ್ ಮಾಡಿ ಗ್ಯಾರೇಜ್ ಬಿಲ್ ಕಟ್ಟಬೇಕಾಯಿತು. ನಿಮ್ಮ ಹತ್ತಿರ ನಾಲ್ಕು ಲಕ್ಷ ಇದ್ದರೆ ಎರಡೂವರೆ ಲಕ್ಷದ ಗಾಡಿ ನೋಡಿ, ಮಿಕ್ಕಿದ್ದನ್ನು ಮುಟ್ಟಬೇಡಿ.

ಪೇಪರ್ ವಿಷಯ ಬೇಗ ಹೇಳುತ್ತೇನೆ. ಗಾಡಿ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸೈನ್ ಆದ ದಿನವೇ ಆರ್‌ಟಿಒಗೆ ಕೊಡಿ. ಇನ್ಶೂರೆನ್ಸ್ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಬದಲಾಗಬೇಕು. ಹಳೆಯ ಟ್ರಾಫಿಕ್ ಫೈನ್ ಇದ್ದರೆ ಮಾರುವವರ ಕೈಯಲ್ಲೇ ಕಟ್ಟಿಸಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ನೋಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು ಕಡೆ ಎಷ್ಟೊಂದು ದುಬಾರಿ ಕಾರುಗಳು ಮುಳುಗಿದವು. ಅಂಥ ಗಾಡಿ ಮಾರುವಾಗ ಸೀಟು, ಕಾರ್ಪೆಟ್ ತೊಳೆದಿರುತ್ತಾರೆ, ಬೆಲ್ಟಿನ ಒಳತುದಿಯ ಕೆಸರಿನ ಗೆರೆ ಮಾತ್ರ ಉಳಿದಿರುತ್ತೆ.

ಬರುವ ಆಗಸ್ಟ್‌ಗೆ ಗಾಡಿಗೆ ಹದಿನೈದು ವರ್ಷ ತುಂಬುತ್ತೆ. ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು, ಪಾಸಾದರೆ ಇನ್ನೂ ಐದು ವರ್ಷ. ಮಾರಿಬಿಡು, 1,80,000 ಕೊಡುತ್ತೇನೆ ಅಂತ ಒಬ್ಬ ಬ್ರೋಕರ್ ಎರಡು ಸಲ ಫೋನ್ ಮಾಡಿದರು. ಇಲ್ಲ ಅಂದೆ. ಹೋದ ಭಾನುವಾರ ಭಾಯ್ ಹತ್ತಿರ ತಗೊಂಡು ಹೋಗಿ ಬ್ರೇಕ್ ಪ್ಯಾಡ್, ಹೆಡ್‌ಲೈಟ್, ಹೊಗೆ ಎಲ್ಲ ನೋಡಿಸಿಕೊಂಡು ಬಂದೆ. ಅವರು ಕೊಟ್ಟ ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ 1,83,400 ಅಂತ ಬರೆದು ನೀಲಿ ಫೈಲಿಗೆ ಹಾಕಿದ್ದೇನೆ.