ರೆಮಿಂಗ್ಟನ್ 700ಕ್ಕೆ ಹೊಸ ಟ್ರಿಗರ್: ಟಿಮ್ನಿ 510 ಮತ್ತು ಟ್ರಿಗರ್‌ಟೆಕ್ ಪ್ರೈಮರಿ, ಹಲವು ಸೀಸನ್ ಬಳಸಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ರೆಮಿಂಗ್ಟನ್ 700 ರೈಫಲ್ ಇಟ್ಟುಕೊಂಡಿರುವವರು, ಸ್ಕ್ರೂಗಳ ಜೊತೆ ಆಟವಾಡುವ ಹುಮ್ಮಸ್ಸಿಲ್ಲದವರು ಟ್ರಿಗರ್‌ಟೆಕ್ ಪ್ರೈಮರಿ ತೆಗೆದುಕೊಳ್ಳಿ. ಎಳೆತದ ತೂಕ (ಟ್ರಿಗರ್ ಕಳಚಲು ಬೇಕಾದ ಬಲ), ಕಳಚಿದ ಮೇಲೆ ಟ್ರಿಗರ್ ಹಿಂದಕ್ಕೆ ಓಡುವ ದೂರ ಎರಡನ್ನೂ ತಾವೇ ಹದ ಮಾಡಿಕೊಳ್ಳುವವರಿಗೆ ಟಿಮ್ನಿ 510. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ, ರಿಯಾಯಿತಿ ಮಾರಾಟದ ದಿನಗಳಲ್ಲಿ ಇನ್ನೂ ಕಡಿಮೆ.

ಬದಲಾಯಿಸುವ ಅಗತ್ಯವಾದರೂ ಏನು? 700 ರೈಫಲ್ 1962ರಲ್ಲಿ ಬಂದಾಗಿನಿಂದ ಅದರಲ್ಲಿದ್ದದ್ದು ವಾಕರ್ ಟ್ರಿಗರ್. ಅದರೊಳಗೆ ಟ್ರಿಗರ್‌ಗೂ ಸಿಯರ್‌ಗೂ (ಫೈರಿಂಗ್ ಪಿನ್ನನ್ನು ತಡೆದು ಹಿಡಿಯುವ ತುಂಡು) ನಡುವೆ ಕನೆಕ್ಟರ್ ಎಂಬ ತೆಳು ತಗಡು ಸಡಿಲವಾಗಿ ಕೂತಿರುತ್ತದೆ. ಪ್ರತಿ ಈಡಿಗೂ ಅದು ಟ್ರಿಗರ್‌ನಿಂದ ಒಂದು ಕೂದಲೆಳೆಯಷ್ಟು ದೂರ ಸರಿದು ಮತ್ತೆ ಬಂದು ಕೂರುತ್ತದೆ. ಆ ಸಂದಿನಲ್ಲಿ ಮರಳಿನ ಕಣ, ಗಟ್ಟಿಯಾದ ಎಣ್ಣೆ ಅಥವಾ ಮಂಜು ಸೇರಿಕೊಂಡರೆ ತಗಡು ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಸಿಯರ್‌ಗೆ ಸಿಗುವ ಆಧಾರ ಕಡಿಮೆಯಾಗುತ್ತದೆ. ಸೇಫ್ಟಿ ತೆಗೆದ ಕೂಡಲೇ ಬೆರಳು ಸೋಕದೆಯೇ ಗುಂಡು ಹಾರುವ ಅಪಾಯ ಇಲ್ಲಿಂದಲೇ ಬರುವುದು. ಆಮೇಲೆ ಬಂದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ನಲ್ಲಿ ಈ ಕನೆಕ್ಟರ್ ಇಲ್ಲ. ಆದರೆ 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವುಗಳಲ್ಲಿ ಅಂಟು ಹೆಚ್ಚಾಗಿರಬಹುದೆಂದು ಕಂಪನಿಯೇ ವಾಪಸ್ ಕರೆಸಿತ್ತು. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಅದರಲ್ಲಿ ಯಾವ ಟ್ರಿಗರ್ ಇದೆ, ಸರಿಪಡಿಸಲಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಟಿಮ್ನಿ 510ರಲ್ಲೂ ಕನೆಕ್ಟರ್ ಇಲ್ಲ. ಕಾರ್ಖಾನೆಯಿಂದ 3 ಪೌಂಡ್‌ಗೆ ಹೊಂದಿಸಿ ಕಳಿಸುತ್ತಾರೆ, ಒಂದೂವರೆಯಿಂದ 4 ಪೌಂಡ್‌ವರೆಗೆ ಬದಲಾಯಿಸಬಹುದು. ಮೂರು ಸ್ಕ್ರೂಗಳಿವೆ: ಎಳೆತದ ತೂಕಕ್ಕೊಂದು, ಈಡು ಬಿದ್ದ ಮೇಲೆ ಟ್ರಿಗರ್ ಎಷ್ಟು ಹಿಂದೆ ಓಡಬೇಕೆಂಬುದಕ್ಕೊಂದು, ಸಿಯರ್ ಹಿಡಿತಕ್ಕೊಂದು. ಮೂರನೆಯದನ್ನು ಮುಟ್ಟಲೇಬೇಡಿ. ಸಿಯರ್ ಹಿಡಿತ ಕಡಿಮೆ ಮಾಡಿದರೆ ಬ್ರೇಕ್, ಅಂದರೆ ಟ್ರಿಗರ್ ಕಳಚುವ ಕ್ಷಣ, ಗಾಜು ಒಡೆದಷ್ಟು ಚೊಕ್ಕ ಅನಿಸುತ್ತದೆ ನಿಜ, ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಅಗುಳಿ) ಜೋರಾಗಿ ಮುಚ್ಚಿದಾಗ ಕಳಚಿಕೊಳ್ಳುವ ಸಾಧ್ಯತೆಯೂ ಅದರ ಜೊತೆಗೇ ಬರುತ್ತದೆ. ಕೆನಡಾದ ಟ್ರಿಗರ್‌ಟೆಕ್ ಬೇರೆ ದಾರಿ ಹಿಡಿದಿದೆ. ಸಿಯರ್ ಮತ್ತು ಟ್ರಿಗರ್ ಒಂದರ ಮೇಲೊಂದು ಜಾರುವ ಬದಲು ನಡುವೆ ಒಂದು ಪುಟ್ಟ ರೋಲರ್ ಉರುಳುತ್ತದೆ. ಹಾಗಾಗಿ ಸಿಯರ್ ಹಿಡಿತ ಧಾರಾಳವಾಗಿದ್ದರೂ ಎಳೆಯುವಾಗ ತೆವಳಿದಂತೆ ಅನಿಸುವುದಿಲ್ಲ. ತೂಕಕ್ಕೆ ಒಂದೇ ಸ್ಕ್ರೂ, ವ್ಯಾಪ್ತಿ ಇಲ್ಲೂ ಒಂದೂವರೆಯಿಂದ 4 ಪೌಂಡ್. ಕೆಡಿಸಲು ಬೇರೆ ಸ್ಕ್ರೂಗಳೇ ಇಲ್ಲದಿರುವುದು ನನ್ನ ಪ್ರಕಾರ ಅದರ ದೊಡ್ಡ ಗುಣ.

ತೂಕ ಎಷ್ಟಿಡಬೇಕು? ಬೇಟೆಗೆ ಎರಡೂವರೆಯಿಂದ 3 ಪೌಂಡ್, ಅಂದರೆ ಸುಮಾರು 1.1ರಿಂದ 1.4 ಕಿಲೋ. ಕೈಗವಸು ಹಾಕಿ, ಚಳಿಗೆ ಬೆರಳು ಮರಗಟ್ಟಿದಾಗ ಒಂದೂವರೆ ಪೌಂಡ್ ಟ್ರಿಗರ್ ಎಲ್ಲಿ ಕಳಚುತ್ತದೆಂದು ಬೆರಳಿಗೇ ತಿಳಿಯುವುದಿಲ್ಲ. ಔನ್ಸ್ ಲೆಕ್ಕದ ಟ್ರಿಗರ್‌ಗಳು ಬೆಂಚಿನ ಮೇಲಿಟ್ಟು ಗುರಿ ಹೊಡೆಯುವವರಿಗೇ ಇರಲಿ. ಮನಸ್ಸಿನ ಅಂದಾಜು ಸಾಲದು, ಗೇಜ್ ಹಾಕಿ ಅಳೆಯಿರಿ. ಕೊಕ್ಕೆಯನ್ನು ಪ್ರತಿ ಸಲವೂ ಟ್ರಿಗರ್‌ನ ಒಂದೇ ಜಾಗದಲ್ಲಿಟ್ಟು, ನಳಿಗೆಗೆ ಸಮಾನಾಂತರವಾಗಿ ನಿಧಾನಕ್ಕೆ ಹಿಂದಕ್ಕೆ ಎಳೆದು, ಹತ್ತು ಸಲದ ಸರಾಸರಿ ತೆಗೆಯಿರಿ. ಕೊಕ್ಕೆ ತುದಿಗೆ ಜಾರಿದರೆ ತೂಕ ಕಡಿಮೆ ತೋರಿಸುತ್ತದೆ. ಹತ್ತರಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಮೂರು ಔನ್ಸ್‌ಗಿಂತ ಹೆಚ್ಚು ಅಂತರವಿದ್ದರೆ ಒಳಗೆ ಕೊಳೆ ಇರಬಹುದು, ಇಲ್ಲವೇ ಟ್ರಿಗರ್‌ನ ಹೌಸಿಂಗ್ (ಹೊರಗೂಡು) ಸ್ಟಾಕ್‌ಗೆ, ಅಂದರೆ ರೈಫಲ್‌ನ ಹಿಡಿಮರಕ್ಕೆ, ಉಜ್ಜುತ್ತಿರಬಹುದು.

ಕೂರಿಸುವ ಕೆಲಸ ಕಷ್ಟದ್ದಲ್ಲ, ಅವಸರದ್ದೂ ಅಲ್ಲ. ರೈಫಲ್ ಖಾಲಿಯಿದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಬೋಲ್ಟ್ ಹೊರಗೆ ತೆಗೆಯಿರಿ. ಲೋಹದ ಭಾಗವನ್ನು ಸ್ಟಾಕ್‌ಗೆ ಬಿಗಿದಿರುವ ಆ್ಯಕ್ಷನ್ ಸ್ಕ್ರೂ ಬಿಚ್ಚಿ ಸ್ಟಾಕ್ ಬೇರ್ಪಡಿಸಿ. ಟ್ರಿಗರ್ ಎರಡು ಅಡ್ಡ ಪಿನ್ನುಗಳ ಮೇಲೆ ನಿಂತಿರುತ್ತದೆ. ಪಿನ್ನಿಗಿಂತ ತುಸು ಸಣ್ಣ ಪಂಚ್ ಇಟ್ಟು ತಟ್ಟಿದರೆ ಬರುತ್ತವೆ. ಹಿಂದಿನ ಪಿನ್ನಿನಲ್ಲಿ ಎಚ್ಚರ ಬೇಕು: ಬೋಲ್ಟ್ ಸ್ಟಾಪ್ ಮತ್ತು ಅದರ ಪುಟ್ಟ ಸ್ಪ್ರಿಂಗ್ ನಿಂತಿರುವುದು ಅದೇ ಪಿನ್ನಿನ ಮೇಲೆ, ಪೂರ್ತಿ ಎಳೆದರೆ ಸ್ಪ್ರಿಂಗ್ ಹಾರಿ ಎಲ್ಲೋ ಬೀಳುತ್ತದೆ. ಕೆಳಗೆ ಬಿಳಿ ಟವೆಲ್ ಹಾಸಿಕೊಂಡರೆ ಹುಡುಕಾಟ ತಪ್ಪುತ್ತದೆ.

ಹೊಸದನ್ನು ಪಿನ್ನಿನ ಮೇಲೆ ಕೂರಿಸಿ ಸ್ಟಾಕ್‌ಗೆ ಇಳಿಸುವಾಗ ಸೇಫ್ಟಿ ಲಿವರ್ ಮರಕ್ಕೆ ತಾಗುತ್ತದೆಯೇ ನೋಡಿ. ಬಹುತೇಕ ತಕರಾರುಗಳು ಇಲ್ಲೇ ಹುಟ್ಟುತ್ತವೆ. ಲಿವರ್ ಪೂರ್ತಿ ಹಿಂದೆ ಬರದಿದ್ದರೆ ಸೇಫ್ಟಿ ಅರ್ಧವೇ ಬಿದ್ದಿದೆ ಎಂದರ್ಥ, ಮರವನ್ನು ಸ್ವಲ್ಪ ಉಜ್ಜಿ ಜಾಗ ಮಾಡಬೇಕು. ಲೋಹ ಉಜ್ಜುವ ಗೋಜಿಗೆ ಹೋಗಬೇಡಿ. ಮರದ ಸ್ಟಾಕ್‌ನ ಆ್ಯಕ್ಷನ್ ಸ್ಕ್ರೂಗಳನ್ನು 40 ಇಂಚು-ಪೌಂಡ್ ಆಸುಪಾಸಿಗೆ ಬಿಗಿದರೆ ಸಾಕು. ಒಳಗೆ ಅಲ್ಯುಮಿನಿಯಂ ಬ್ಲಾಕ್ ಇರುವ ಸ್ಟಾಕ್ ಆದರೆ 65. ಟ್ರಿಗರ್ ಬದಲಾಯಿಸಿದ ಮೇಲೆ ಗುಂಡುಗಳು ಒಂದೇ ಕಡೆ ಬೀಳದೆ ಚದುರುತ್ತಿವೆಯೆಂದು ಗೊಣಗುವವರು ಮೊದಲು ಈ ಸ್ಕ್ರೂಗಳನ್ನೇ ನೋಡಬೇಕು.

ಇನ್ನು ಪರೀಕ್ಷೆ. ಇದನ್ನು ಬಿಟ್ಟವರು ರೇಂಜ್‌ಗೆ ಹೋಗಲೇಬಾರದು. ಖಾಲಿ ರೈಫಲ್‌ಗೆ ಬೋಲ್ಟ್ ಹಾಕಿ ಕಾಕ್ ಮಾಡಿ (ಬೋಲ್ಟ್ ಎತ್ತಿ ಮುಚ್ಚಿ), ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ. ಬೆರಳು ಹೊರಗಿಟ್ಟು ಸೇಫ್ಟಿ ತೆಗೆಯಿರಿ. ಆಗ ಕ್ಲಿಕ್ ಅಂದರೆ ಆ ಟ್ರಿಗರ್ ಬಳಸುವಂತಿಲ್ಲ. ಇದೇ ಕ್ರಮ ಹತ್ತಿಪ್ಪತ್ತು ಸಲ. ಆಮೇಲೆ ಸೇಫ್ಟಿ ತೆಗೆದಿಟ್ಟು ಬೋಲ್ಟನ್ನು ಸಿಟ್ಟಿನಿಂದೆಂಬಂತೆ ಬಡಿದು ಮುಚ್ಚಿ. ಹಿಂಬದಿಯನ್ನು ಒಂದಡಿ ಎತ್ತರದಿಂದ ರಬ್ಬರ್ ಮ್ಯಾಟ್ ಮೇಲೆ ಕುಟ್ಟಿ, ರಬ್ಬರ್ ಸುತ್ತಿಗೆಯಿಂದ ಸ್ಟಾಕ್‌ನ ಎರಡೂ ಬದಿ ತಟ್ಟಿ. ಒಂದು ಸಲ ಕಳಚಿದರೂ ತೂಕ ಏರಿಸಿ ಮೊದಲಿನಿಂದ ಶುರು ಮಾಡಿ. ಆಗಲೂ ಕಳಚಿದರೆ ಗನ್‌ಸ್ಮಿತ್ ಹತ್ತಿರ ಹೋಗಿ. ಕೊನೆಗೆ ಬೋಲ್ಟ್ ಹಿಂದೆಳೆದು, ಬೋಲ್ಟ್ ಸ್ಟಾಪ್ ಅದನ್ನು ತಡೆಯುತ್ತದೆಯೇ ನೋಡಿ.

ವರ್ಷಗಳ ಬಳಕೆಯಲ್ಲಿ ಎರಡರಲ್ಲೂ ಬ್ರೇಕ್ ಬದಲಾಗಿಲ್ಲ, ಎಣ್ಣೆ ತೋರಿಸದೆ ಇದ್ದದ್ದರಿಂದ. ನಳಿಗೆ ಉಜ್ಜುವಾಗ ಬೋರ್ ಗೈಡ್ (ಉಜ್ಜುವ ಕೋಲಿಗೆ ದಾರಿ ಕೊಡುವ ಕೊಳವೆ) ಇಲ್ಲದಿದ್ದರೆ ಸಾಲ್ವೆಂಟ್ ಹಿಂದಿನಿಂದ ಸೋರಿ ನೇರ ಟ್ರಿಗರ್‌ಗೆ ಇಳಿಯುತ್ತದೆ, ಒಣಗಿ ಅಂಟಾಗುತ್ತದೆ. ಉಜ್ಜಿದ ಮೇಲೆ ರೈಫಲನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಕೊಳೆಯಾದರೆ ಲೈಟರ್‌ಗೆ ತುಂಬುವ ದ್ರವ ಹಾಯಿಸಿ, ಒಣಗಲು ಬಿಡಿ, ಅಷ್ಟೇ. ಹಿಮದಿಂದ ಬಂದ ರೈಫಲನ್ನು ನೇರ ಬೆಚ್ಚನೆ ಮನೆಯೊಳಗೆ ತಂದರೆ ಒಳಗೆಲ್ಲ ನೀರು ಬೆವರುತ್ತದೆ, ಮಾರನೆ ಬೆಳಗ್ಗೆ ಹೊರಗೆ ಒಯ್ದಾಗ ಅದು ಮಂಜುಗಡ್ಡೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ತಣ್ಣನೆ ಗ್ಯಾರೇಜಿನಲ್ಲೇ ಇಡಿ.

ಕೊಳ್ಳುವಾಗ ಎಡಗೈಯದೋ ಬಲಗೈಯದೋ, ಬೋಲ್ಟ್ ರಿಲೀಸ್ ಲಿವರ್ ಇರುವುದೋ ಇಲ್ಲದ್ದೋ ನೋಡಿ. ಬರ್ಗಾರಾ ಬಿ-14 ಇದ್ದವರಿಗೂ 700ರ ಟ್ರಿಗರ್ ಕೂರುತ್ತದೆ. ಟಿಕ್ಕಾ ಟಿ3ಎಕ್ಸ್ ಇದ್ದವರು ಈ ಖರ್ಚಿಗೆ ಇಳಿಯಬೇಡಿ, ಅದರ ಸ್ವಂತ ಟ್ರಿಗರ್ 2ರಿಂದ 4 ಪೌಂಡ್‌ವರೆಗೆ ಹೊಂದುತ್ತದೆ, ಚೆನ್ನಾಗಿಯೂ ಇದೆ. ಕೊಡಗಿನ ಮನೆಗಳ ಜೋಡುನಳಿಗೆ ಕೋವಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ, ಅದರ ಲಾಕಿನ ರಚನೆಯೇ ಬೇರೆ.