ಎಂಟು ವರ್ಷಗಳ ಸ್ಕಮ್‌ವಿಎಂ: ಹಳೆಯ ಸಾಹಸ ಆಟಗಳಿಗೆ ಹೊಸ ಕಂಪ್ಯೂಟರಿನಲ್ಲಿ ಸಿಕ್ಕ ನೆಲೆ

ಪಾಯಿಂಟ್ ಅಂಡ್ ಕ್ಲಿಕ್ ಸಾಹಸ ಆಟಗಳನ್ನು, ಅಂದರೆ ಪರದೆಯ ಮೇಲಿನ ವಸ್ತುಗಳನ್ನು ಮೌಸಿನಿಂದ ಒತ್ತುತ್ತಾ ಒಗಟು ಬಿಡಿಸುವ ಕಥೆಯ ಆಟಗಳನ್ನು, ಇಂದಿನ ಕಂಪ್ಯೂಟರಿನಲ್ಲಿ ಆಡಲು ನಾನು ಎಂಟು ವರ್ಷಗಳಿಂದ ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಈ ಅವಧಿಯಲ್ಲಿ ಮೂರು ಕಂಪ್ಯೂಟರುಗಳು ಬದಲಾದವು, ವಿಂಡೋಸ್‌ನಿಂದ ಲಿನಕ್ಸ್‌ಗೂ ಬಂದೆ. ಆದರೆ ಆಟಗಳ ಫೋಲ್ಡರ್ ಮಾತ್ರ ಮೊದಲು ಹೇಗಿತ್ತೋ ಹಾಗೆಯೇ ಇದೆ, ಅದರೊಳಗಿನ ಒಂದು ಫೈಲನ್ನೂ ನಾನು ತಿದ್ದಬೇಕಾಗಿ ಬಂದಿಲ್ಲ. ಈ ತಂತ್ರಾಂಶದ ಬಗ್ಗೆ ನನಗಿರುವ ಗೌರವದ ಮುಖ್ಯ ಕಾರಣ ಇದೇ.

64 ಬಿಟ್ ವಿಂಡೋಸ್‌ನಲ್ಲಿ ಅದಕ್ಕೂ ಮುಂಚಿನ ಕಾರ್ಯವ್ಯವಸ್ಥೆಯಾದ ಡಾಸ್‌ನ ಹಳೆಯ ಪ್ರೋಗ್ರಾಂಗಳು ನೇರವಾಗಿ ಓಡುವುದಿಲ್ಲ. ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಈ ತೊಂದರೆಯನ್ನು ಪರಿಹರಿಸುವುದು ಹಳೆಯ ಕಂಪ್ಯೂಟರನ್ನೇ ಇಡಿಯಾಗಿ ಅನುಕರಿಸುವ ಮೂಲಕ. ಸ್ಕಮ್‌ವಿಎಂ ಹಿಡಿದ ದಾರಿ ಬೇರೆ. 1987ರ ಮೇನಿಯಾಕ್ ಮ್ಯಾನ್ಷನ್ ಆಟಕ್ಕಾಗಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಲ್ಲಿ ರಾನ್ ಗಿಲ್ಬರ್ಟ್ ಮತ್ತು ಸಂಗಡಿಗರು ಸ್ಕಮ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ಕಥೆ, ಚಿತ್ರ, ಸಂಭಾಷಣೆ, ಒಗಟುಗಳ ತರ್ಕ ಎಲ್ಲವೂ ದತ್ತಾಂಶದ ಫೈಲುಗಳಲ್ಲಿರುತ್ತಿದ್ದವು, ಅವನ್ನು ಓದಿ ನಡೆಸುವ ಪ್ರೋಗ್ರಾಂ ಪ್ರತ್ಯೇಕವಾಗಿರುತ್ತಿತ್ತು. 2001ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಆರಂಭಿಸಿದ ಈ ಯೋಜನೆ ಆ ಓದುವ ಪ್ರೋಗ್ರಾಂ ಒಂದನ್ನೇ ಹೊಸದಾಗಿ ಬರೆಯಿತು. ಚಿತ್ರಕಾರ ಬಿಡಿಸಿದ ಹಿನ್ನೆಲೆಯೂ ಲೇಖಕ ಬರೆದ ಮಾತೂ ಅಂದಿನವೇ ಉಳಿದವು. ಕಾಲಕ್ರಮದಲ್ಲಿ ಸಿಯೆರಾ, ರೆವಲ್ಯೂಷನ್ ಮುಂತಾದ ಬೇರೆ ಸಂಸ್ಥೆಗಳ ಆಟಗಳಿಗೂ ಇದೇ ಬಗೆಯ ಓದುವ ಪ್ರೋಗ್ರಾಂಗಳು, ಅಂದರೆ ಎಂಜಿನ್‌ಗಳು ಸೇರಿಕೊಂಡಿರುವುದರಿಂದ, ಹೆಸರು ಒಂದೇ ಸಂಸ್ಥೆಯ ವ್ಯವಸ್ಥೆಯನ್ನು ಸೂಚಿಸಿದರೂ ವ್ಯಾಪ್ತಿ ಅದಕ್ಕಿಂತ ಬಹಳ ದೊಡ್ಡದು.

ಆಟಗಳು ಇದರ ಜೊತೆಗೆ ಬರುವುದಿಲ್ಲ. ನಿಮ್ಮಲ್ಲಿರುವ ಪ್ರತಿಯ ಫೈಲುಗಳನ್ನು ನೀವೇ ಒದಗಿಸಬೇಕು. ಕೈಯಲ್ಲಿ ಏನೂ ಇಲ್ಲದವರು 1994ರ ಬಿನೀತ್ ಎ ಸ್ಟೀಲ್ ಸ್ಕೈ ಆಟದಿಂದ ಆರಂಭಿಸಬಹುದು. ಅದನ್ನು 2003ರಲ್ಲಿ ಉಚಿತಗೊಳಿಸಲಾಯಿತು, ಸ್ಕಮ್‌ವಿಎಂ ಜಾಲತಾಣದಲ್ಲೇ ಸಿಗುತ್ತದೆ. ಸ್ಥಾಪನೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ: ಫೋಲ್ಡರನ್ನು ತೋರಿಸಿದರೆ ಅದು ಯಾವ ಆಟ, ಫ್ಲಾಪಿ ಆವೃತ್ತಿಯೋ ಸಿಡಿ ಆವೃತ್ತಿಯೋ, ಯಾವ ಭಾಷೆಯದು ಎಂಬುದನ್ನು ತಂತ್ರಾಂಶವೇ ಗುರುತಿಸುತ್ತದೆ. ಒಮ್ಮೆ ಮಾತ್ರ ಒಂದು ಆಟದ ಮಧ್ಯದಲ್ಲಿ ಪಾತ್ರಗಳ ಧ್ವನಿ ಏಕಾಏಕಿ ನಿಂತುಹೋಯಿತು, ಸೆಟ್ಟಿಂಗುಗಳನ್ನು ಬದಲಿಸುತ್ತಾ ಎರಡು ದಿನ ಕಳೆದೆ. ಕೊನೆಗೆ ಫೈಲುಗಳ ಗಾತ್ರವನ್ನು ಸಿಡಿಯಲ್ಲಿದ್ದವುಗಳೊಂದಿಗೆ ಹೋಲಿಸಿದಾಗ, ಗೀರು ಬಿದ್ದ ಸಿಡಿಯಿಂದ ಧ್ವನಿಯ ಫೈಲು ಅರ್ಧಕ್ಕೇ ನಕಲಾಗಿದ್ದುದು ಗೊತ್ತಾಯಿತು. ಹಳೆಯ ಸಿಡಿಗಳಿಂದ ನಕಲು ಮಾಡುವವರು ಈ ಹೋಲಿಕೆಯನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ಬಹಳಷ್ಟು ಬಳಕೆದಾರರು ಗಮನಿಸದೆ ಬಿಡುವ ಸಂಗತಿ ಚಿತ್ರದ ಅನುಪಾತ. ಆ ಕಾಲದ ಆಟಗಳಲ್ಲಿ ಹೆಚ್ಚಿನವು ಅಡ್ಡಲಾಗಿ 320, ಉದ್ದಕ್ಕೆ 200 ಪಿಕ್ಸೆಲ್‌ಗಳ ಚಿತ್ರವನ್ನು ಬಳಸುತ್ತಿದ್ದವು, ಆದರೆ ಅದು ಮೂಡುತ್ತಿದ್ದುದು 4:3 ಅನುಪಾತದ ಮಾನಿಟರಿನ ಪೂರ್ಣ ಪರದೆಯಲ್ಲಿ. ಹಾಗಾಗಿ ಪ್ರತಿಯೊಂದು ಪಿಕ್ಸೆಲ್ಲೂ ಅದರ ಅಗಲಕ್ಕಿಂತ ಶೇ 20ರಷ್ಟು ಎತ್ತರವಾಗಿರುತ್ತಿತ್ತು, ಚಿತ್ರಕಾರರು ಅದನ್ನು ಕಣ್ಣಮುಂದೆ ಇಟ್ಟುಕೊಂಡೇ ಬಿಡಿಸುತ್ತಿದ್ದರು. ಇಂದಿನ ಪರದೆಗಳ ಪಿಕ್ಸೆಲ್ ಚೌಕಾಕಾರದ್ದು. ಅನುಪಾತ ತಿದ್ದುವ ಆಯ್ಕೆಯನ್ನು ಒತ್ತದೆ ಆಡಿದರೆ ಇಡೀ ಲೋಕವೇ ಮೇಲಿನಿಂದ ಅದುಮಿದಂತೆ ಕಾಣುತ್ತದೆ: ಗೋಡೆಗಡಿಯಾರ ಅಡ್ಡ ಮಲಗಿದ ಮೊಟ್ಟೆಯಾಗುತ್ತದೆ, ತೆಳ್ಳಗಿನ ನಾಯಕ ಗಿಡ್ಡನಾಗುತ್ತಾನೆ. ನಾನೂ ಮೊದಲ ಕೆಲವು ತಿಂಗಳು ಹಾಗೆಯೇ ಆಡಿದೆ, ಆಯ್ಕೆ ಒತ್ತಿದ ದಿನ ಪಾತ್ರಗಳೆಲ್ಲ ಬೆನ್ನು ನೆಟ್ಟಗೆ ಮಾಡಿ ನಿಂತವು. ಲೆಕ್ಕದ ದೃಷ್ಟಿಯಿಂದ 1600×1200ರ ಪರದೆ ಇದಕ್ಕೆ ಅತ್ಯುತ್ತಮ, ಏಕೆಂದರೆ ಅಲ್ಲಿ ಪ್ರತಿ ಪಿಕ್ಸೆಲ್ ಅಗಲಕ್ಕೆ 5 ಪಟ್ಟು, ಎತ್ತರಕ್ಕೆ 6 ಪಟ್ಟು ಹಿಗ್ಗಿ ಒಂದೂ ಕೊಸರಿಲ್ಲದೆ ಕೂರುತ್ತದೆ. 1080 ಸಾಲುಗಳ ಪರದೆಯಲ್ಲಿ ಲೆಕ್ಕ ಸರಿಹೊಂದದೆ ಕೆಲವು ಸಾಲುಗಳು ಉಳಿದವಕ್ಕಿಂತ ದಪ್ಪವಾಗುತ್ತವೆ. ಪಾತ್ರ ನಡೆದಾಡುವಾಗ ಅದು ಕಣ್ಣಿಗೆ ಬೀಳುವುದುಂಟು. ಚಿತ್ರವನ್ನು ನಯಗೊಳಿಸುವ ಫಿಲ್ಟರುಗಳು ಹಲವಿವೆ. ನನ್ನ ಮಟ್ಟಿಗೆ ಅವು ಬೇಡವೇ ಬೇಡ. ನಾಲ್ಕೈದು ಚುಕ್ಕಿಗಳಲ್ಲಿ ಚಿತ್ರಕಾರ ತಂದ ಮುಖಭಾವ ಅವುಗಳಿಂದ ಕರಗಿದ ಮೇಣದಂತಾಗುತ್ತದೆ.

ಧ್ವನಿಯ ವಿಷಯದಲ್ಲೂ ಆಯ್ಕೆ ಮುಖ್ಯ. ಅಂದಿನ ಎಷ್ಟೋ ಆಟಗಳ ಸಂಗೀತ ಧ್ವನಿಮುದ್ರಣವಾಗಿರಲಿಲ್ಲ. ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂಬ ಸೂಚನೆಯಾಗಿತ್ತು, ನುಡಿಸುವ ಕೆಲಸ ಸೌಂಡ್ ಕಾರ್ಡಿನದು. ಸ್ಕಮ್‌ವಿಎಂ ಆಡ್‌ಲಿಬ್ ಕಾರ್ಡನ್ನೂ ರೋಲ್ಯಾಂಡ್ ಎಂಟಿ-32 ಎಂಬ ಸಂಗೀತ ಉಪಕರಣವನ್ನೂ ಅನುಕರಿಸಬಲ್ಲದು. ಎರಡನೆಯದಕ್ಕೆ ಆ ಉಪಕರಣದ ROM ಫೈಲುಗಳು, ಅಂದರೆ ಅದರ ಚಿಪ್ಪಿನಲ್ಲಿದ್ದ ದತ್ತಾಂಶದ ನಕಲು, ಬೇಕು, ಅವು ತಂತ್ರಾಂಶದ ಜೊತೆ ಬರುವುದಿಲ್ಲ. ಸ್ಟೀಲ್ ಸ್ಕೈಯ ಆರಂಭವನ್ನು ಎರಡರಲ್ಲೂ ಒಂದಾದ ಮೇಲೊಂದರಂತೆ ಕೇಳಿ ನೋಡಿದರೆ ಒಂದೇ ರಾಗ ಎರಡು ಬೇರೆ ಮೇಳಗಳ ಕೈಗೆ ಸಿಕ್ಕಂತಿರುತ್ತದೆ.

ಅದೇ ಆಟದ ಮೊದಲ ದೃಶ್ಯವನ್ನು ನಾನು ಹೊಸಬರಿಗೆ ತೋರಿಸುವುದುಂಟು. ನಾಯಕ ಫಾಸ್ಟರ್ ಬೆನ್ನಟ್ಟುವವರಿಂದ ತಪ್ಪಿಸಿಕೊಂಡು ಕಾರ್ಖಾನೆಯೊಂದರ ಒಳಗೆ ಬಂದು ನಿಂತಿರುತ್ತಾನೆ. ಎಡ ಕ್ಲಿಕ್ ನೋಡುವುದಕ್ಕೆ, ಬಲ ಕ್ಲಿಕ್ ಕೆಲಸಕ್ಕೆ, ಅಷ್ಟೇ ನಿಯಮ. ಮೆಟ್ಟಿಲಿನ ಬಳಿ ಸಡಿಲಗೊಂಡ ಲೋಹದ ಸರಳೊಂದಿದೆ. ಅದನ್ನು ಕಿತ್ತುಕೊಂಡು ಬಾಗಿಲನ್ನು ಮೀಟಬೇಕು. 14 ಅಂಗುಲದ ಮಾನಿಟರಿನಲ್ಲಿ ಇಂಥ ಸಣ್ಣ ವಸ್ತುವಿಗಾಗಿ ಮೌಸಿನಿಂದ ಪರದೆಯ ಇಂಚಿಂಚನ್ನೂ ತಡಕಬೇಕಿತ್ತು, ದೊಡ್ಡ ಪರದೆಯಲ್ಲಿ ಅದು ಬೇಗನೆ ಕಣ್ಣಿಗೆ ಸಿಗುತ್ತದೆ. ಈಗಾಗಲೇ ಕೇಳಿದ ಮಾತಿನ ಸಾಲನ್ನು ಚುಕ್ಕಿಯ ಕೀಲಿಯಿಂದ ದಾಟಿಸಬಹುದು. ಒಂದೇ ಓಣಿಯಲ್ಲಿ ಹತ್ತು ಸಲ ನಡೆಯಬೇಕಾದಲ್ಲಿ ವೇಗ ಹೆಚ್ಚಿಸುವ ಕೀಲಿಯೂ ಇದೆ. ಒಗಟು ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿ ಉಳಿಯುತ್ತದೆ.

ಉಳಿಸಿದ ಆಟಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅವು ಆಟದ ಫೋಲ್ಡರಿನಲ್ಲಿ ಇರುವುದಿಲ್ಲ, ಬಳಕೆದಾರರ ಖಾತೆಯೊಳಗಿನ ಬೇರೊಂದು ಜಾಗದಲ್ಲಿರುತ್ತವೆ. ಮೊದಲ ಸಲ ಕಂಪ್ಯೂಟರ್ ಬದಲಿಸಿದಾಗ ಇದನ್ನು ತಿಳಿಯದೆ ಆಟಗಳನ್ನಷ್ಟೇ ಹೊತ್ತು ತಂದು, ಮುಕ್ಕಾಲು ಭಾಗ ಮುಗಿಸಿದ್ದ ಒಂದು ಆಟವನ್ನು ಮೊದಲಿನಿಂದ ಆಡಬೇಕಾಯಿತು. ಈಗ ಉಳಿಕೆಯ ಜಾಗವನ್ನು ಸೆಟ್ಟಿಂಗಿನಲ್ಲಿ ನಾನೇ ಗೊತ್ತುಮಾಡಿಟ್ಟಿದ್ದೇನೆ. ಐದು ನಿಮಿಷಕ್ಕೊಮ್ಮೆ ತಾನಾಗಿ ಉಳಿಸುವ ಏರ್ಪಾಡು ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ, ಕ್ಲೌಡ್ ಸಂಗ್ರಹಕ್ಕೆ ಜೋಡಿಸುವ ಸೌಲಭ್ಯವೂ ಇದೆ.

ಕೊರತೆಗಳಿಲ್ಲವೆಂದಲ್ಲ. ಸೆಟ್ಟಿಂಗುಗಳು ಹಲವು ಪುಟಗಳಲ್ಲಿ ಹಂಚಿಹೋಗಿವೆ; ಎಲ್ಲ ಆಟಗಳಿಗೂ ಅನ್ವಯಿಸುವ ಆಯ್ಕೆ ಯಾವುದು, ಒಂದೇ ಆಟಕ್ಕೆ ಅನ್ವಯಿಸುವುದು ಯಾವುದು ಎಂಬುದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ಹಳೆಯ ಸಾಹಸ ಆಟಗಳೆಲ್ಲವೂ ಇದರಲ್ಲಿ ನಡೆಯುವುದಿಲ್ಲವಾದ್ದರಿಂದ, ಆಟ ಕೊಳ್ಳುವ ಮೊದಲು ಜಾಲತಾಣದ ಹೊಂದಾಣಿಕೆ ಪಟ್ಟಿಯನ್ನು ನೋಡಲೇಬೇಕು. ಫೋನಿನ ಆವೃತ್ತಿಯಲ್ಲಿ ಹುಡುಕುವ ವಸ್ತುವನ್ನು ಬೆರಳೇ ಮುಚ್ಚಿಬಿಡುತ್ತದೆ. ಪರದೆಯನ್ನು ಟಚ್‌ಪ್ಯಾಡಿನಂತೆ ಬಳಸುವ ಆಯ್ಕೆಯಿಂದ ಬಾಣದ ಗುರುತು ಬೆರಳಿನಿಂದ ದೂರ ನಿಲ್ಲುತ್ತದೆ, ಆದರೆ ಅದರ ಚಲನೆ ನಿಧಾನ. ಹೀಗಾಗಿ ಮಾತುಕತೆಯೇ ಪ್ರಧಾನವಾದ ಆಟಗಳನ್ನು ಫೋನಿನಲ್ಲಿ ಆಡುತ್ತೇನೆ, ಮೂಲೆಮೂಲೆ ಹುಡುಕಬೇಕಾದ ಆಟಗಳಿಗೆ ಕಂಪ್ಯೂಟರಿನ ಮುಂದೆಯೇ ಕೂರುತ್ತೇನೆ.