ಘಟ್ಟ ಇಳಿದರಷ್ಟೇ ಚಾರ್ಜ್ ಆಗುತ್ತಿದ್ದ ಡಬ್ಬಿ: 14 ತಿಂಗಳ ಬಳಕೆಯ ನಂತರ

ವ್ಯಾಟು, ಪೋರ್ಟು, ತೂಕ ಎಲ್ಲ ಪೆಟ್ಟಿಗೆ ಮೇಲೇ ಬರೆದಿರುತ್ತೆ, ಅದನ್ನು ಬಿಡ್ತೀನಿ. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು ಒಂದು ಯೂನಿಟ್ ಹಿಡಿಯುವ ಪವರ್ ಸ್ಟೇಷನ್, ಅಂದರೆ ಹೊತ್ತೊಯ್ಯುವ ಬ್ಯಾಟರಿ ಡಬ್ಬಿ, ಅಷ್ಟು ಸಾಕು. ಕಾರಿನ ಹಿಂದೆ ಎಳೆದೊಯ್ಯುವ ನಮ್ಮ ಪುಟ್ಟ ಕ್ಯಾಂಪರ್‌ನ ಫ್ರಿಜ್, ಫ್ಯಾನ್, ದೀಪ ಎಲ್ಲ ಇದನ್ನೇ ನಂಬಿವೆ. ನಾನು ಕೊಂಡದ್ದು ‘ಕಾರು ಓಡುತ್ತಲೇ ಚಾರ್ಜ್ ಆಗುತ್ತೆ’ ಅನ್ನೋ ಒಂದು ಸಾಲು ನೋಡಿ.

ಮೊದಲ ಸಲ ಪುಣೆಯಿಂದ ಆಂಬೋಲಿಗೆ ಹೊರಟಾಗ 40 ಪರ್ಸೆಂಟ್ ಇತ್ತು. ಡಿಕ್ಕಿಯ 12 ವೋಲ್ಟ್ ಸಾಕೆಟ್‌ನಿಂದ ಉದ್ದನೆ ವೈರು ಎಳೆದು ಹಿಂದಿನ ಗಾಡಿಗೆ ಕೊಟ್ಟಿದ್ದೆ. ಎಂಟು ಗಂಟೆ ಓಡಿಸಿ ಬಾಗಿಲು ತೆಗೆದರೆ 22! ಫ್ರಿಜ್ ಕುಡಿದಿತ್ತು, ಕಾರು ಕೊಟ್ಟಿರಲಿಲ್ಲ. ರಾತ್ರಿ ಫ್ಯಾನ್ ಬಂದ್. ಹೆಂಡತಿ ಏನೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು.

ಓಡುವಾಗ ಹಿಂದೆ ಯಾರೂ ಕೂತಿರಲ್ಲ, ಡಬ್ಬಿ ಎಷ್ಟು ಕಿರುಚಿದರೂ ಕೇಳಿಸಲ್ಲ. ಮುಂದಿನ ಸಲ ಹಳೇ ಫೋನನ್ನು ಅದರ ಎದುರಿಗೆ ಕಟ್ಟಿ ವಿಡಿಯೋ ಹಾಕಿಟ್ಟೆ. ಖಂಬಾಟ್ಕಿ ಘಾಟ್ ಹತ್ತುವಾಗ 0 ವ್ಯಾಟ್. ಇಳಿಯುವಾಗ ಒಂದು ‘ಟೊಂಯ್’, 90 ವ್ಯಾಟ್. ಸಪಾಟು ರಸ್ತೆಗೆ ಬಂದದ್ದೇ ಮತ್ತೆ ‘ಟೊಂಯ್’, 0.

ಹಡಪ್‌ಸರ್‌ನ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಇಂಡಿ ಕಡೆಯವನು. ವೈರನ್ನು ಬೆರಳಲ್ಲಿ ಹೊಸೆದು ನೋಡಿ, “ಸರ, ಇಷ್ಟ ಸಣ್ಣ ವೈರನ್ಯಾಗ ಎಲ್ಲಿ ಬರತೈತ್ರಿ? ಮುಟ್ಟೂದ್ರಾಗ ದಾರಿಖರ್ಚಿಗೇ ಮುಗದಿರತೈತಿ” ಅಂದ. ಅದು ಅರ್ಧ ಕಾರಣ. ಉಳಿದರ್ಧ ಕಾರಿನದು: ನನ್ನದು ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿ. ಬ್ಯಾಟರಿ ತುಂಬಿದರೆ ಡೀಸೆಲ್ ಉಳಿಸೋಕೆ, ಎಂಜಿನ್‌ನಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೈಕಟ್ಟಿ ಕೂರುತ್ತೆ, ವೋಲ್ಟೇಜ್ 12.5ರ ಆಸುಪಾಸಿಗೆ ಇಳಿಯುತ್ತೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮಾತ್ರ 14 ದಾಟುತ್ತೆ. ಆ 12.5ರಲ್ಲಿ ವೈರು ತಿನ್ನುವ ಒಂದು ವೋಲ್ಟ್ ಕಳೆದರೆ ನನ್ನ ಡಬ್ಬಿ ಬಾಯಿ ಮುಚ್ಚುತ್ತೆ. ಮ್ಯಾನುಯಲ್‌ನಲ್ಲಿ ಇದರ ಸುದ್ದಿಯೇ ಇಲ್ಲ.

ಇದಕ್ಕೆಂದೇ ಬರುವ ಆಲ್ಟರ್ನೇಟರ್ ಚಾರ್ಜರ್‌ನ ಬೆಲೆ ನೋಡಿ ಪುಟ ಮುಚ್ಚಿದೆ. ನಾವು ಮಾಡಿದ್ದು ಇಷ್ಟು: ಬ್ಯಾಟರಿ ಪಕ್ಕದಲ್ಲೇ 50 ಆಂಪ್ ಫ್ಯೂಸ್, ಅಲ್ಲಿಂದ ಡಿಕ್ಕಿವರೆಗೆ ಬೆರಳು ದಪ್ಪದ ವೈರು, ಡಿಕ್ಕಿಯಲ್ಲಿ 12ನ್ನು 48 ವೋಲ್ಟ್ ಮಾಡುವ ಕನ್ವರ್ಟರ್. ಅಲ್ಲಿಂದ ಡಬ್ಬಿಯ ಸೋಲಾರ್ ಪೋರ್ಟಿಗೆ ಅದೇ ಹಳೇ ಸಣ್ಣ ವೈರು! ಅಷ್ಟೇ ವ್ಯಾಟ್‌ಗೆ ವೋಲ್ಟ್ ಏರಿದಷ್ಟೂ ಆಂಪ್ ಇಳಿಯುತ್ತೆ, ಹಾಗಾಗಿ ಅದಕ್ಕೆ ಹೆಚ್ಚಿನ ಭಾರವೇನಿಲ್ಲ. (ನಿಮ್ಮ ಪೋರ್ಟ್ ಎಷ್ಟು ವೋಲ್ಟ್ ತಡೆದುಕೊಳ್ಳುತ್ತೆ ನೋಡಿಕೊಳ್ಳಿ. ನನ್ನದು 60.) ಕೂಲಿ ಸೇರಿ 7,200 ರೂಪಾಯಿ.

ಈಗ ಸುಮಾರು 390 ವ್ಯಾಟ್ ಬರುತ್ತೆ, ಹತ್ತಿದರೂ ಇಳಿದರೂ. ಕರಾಡ್ ದಾಟುವಷ್ಟರಲ್ಲಿ ಡಬ್ಬಿ ತುಂಬಿರುತ್ತೆ.

ಇದರಿಂದ ಬೆಳಗಿನ ಕಾಫಿ ಬದಲಾಯಿತು. ಪುಣೆಯಲ್ಲಿ ಇಪ್ಪತ್ತು ವರ್ಷ ಅಮೃತತುಲ್ಯ ಚಹಾ ಕುಡಿದರೂ ಹಾಸನದ ನಾಲಿಗೆ ಕೇಳಬೇಕಲ್ಲ! ಆರಕ್ಕೆ ಎದ್ದು ಫಿಲ್ಟರಿಗೆ ಪುಡಿ ಹಾಕಿ, ಮೇಲೆ ಒತ್ತಿ, ಸಣ್ಣ ಕೆಟಲ್‌ನಲ್ಲಿ ಅರ್ಧ ಲೀಟರ್ ನೀರು ಇಡ್ತೀನಿ. ಕುದಿಯುವಷ್ಟರಲ್ಲಿ 5 ಪರ್ಸೆಂಟ್ ಇಳಿಯುತ್ತೆ. ಮೊದಲು ಆ ಐದನ್ನು ನೋಡಿ ಹೊಟ್ಟೆ ಉರೀತಿತ್ತು. ಈಗ ಡಿಕಾಕ್ಷನ್ ತೊಟ್ಟಿಕ್ಕೋದನ್ನು ನೋಡ್ತಾ ಕೂರ್ತೀನಿ. ಡಬ್ಬಿಗೆ ನಾಲ್ಕು ಸ್ಟಾರ್. ಒಂದು ಕಿತ್ತುಕೊಂಡದ್ದು ಆ ಸಾಲಿಗಾಗಿ.

ನನಗೂ ಒಂದು ಸ್ಟಾರ್ ಕಡಿಮೆ ಮಾಡಬೇಕು. ಇಗ್ನಿಷನ್ ಆಫ್ ಆದರೆ ಕನ್ವರ್ಟರ್ ಕಡಿಯುವ ರಿಲೇಗೆ ಮಿಸ್ತ್ರಿ 400 ಹೆಚ್ಚು ಕೇಳಿದ್ದ, ನಾನೇ ಬಂದ್ ಮಾಡ್ತೀನಿ ಬಿಡು ಅಂದಿದ್ದೆ. ಒಮ್ಮೆ ವಾಪಸ್ ಬರುವಾಗ, ಡಬ್ಬಿ ಇನ್ನೂ ತುಂಬಿರಲಿಲ್ಲ, ನಿಪ್ಪಾಣಿಯಲ್ಲಿ ಊಟಕ್ಕೆ ಕೂತು ಮರೆತೆ. ಮುಕ್ಕಾಲು ಗಂಟೆಯಲ್ಲಿ ಡಬ್ಬಿ ಕಾರಿನ ಬ್ಯಾಟರಿಯನ್ನು ಹೀರಿ ಹಾಕಿತ್ತು, ಕೀ ತಿರುಗಿಸಿದರೆ ‘ಟಕ್’ ಅಷ್ಟೇ. ಒಬ್ಬ ಲಾರಿ ಡ್ರೈವರ್ ಜಂಪರ್ ಕೇಬಲ್ ಕೊಟ್ಟು ಕಾಪಾಡಿದ. ಆ ಸೋಮವಾರ ಹಡಪ್‌ಸರ್‌ಗೆ ಹೋದರೆ, ಮಿಸ್ತ್ರಿ ನನ್ನ ಮುಖ ನೋಡಿದವನೇ ಡ್ರಾಯರ್ ಎಳೆದ. “ಬಂದ್ರ್ಯಾ ಸರ? ನಿಮ್ಮ ರಿಲೇ ತಗದ ಇಟ್ಟೀನ್ರಿ.”